ಇಳಿದ ನೀರು, ನಿಂತ ಗುಡ್ಡ

ಹೊಸನಗರ ತಾಲ್ಲೂಕಿನ ಸಂಪೆಹಡ್ಲಿನಲ್ಲಿ ಕಾಡನ್ನು ನಂಬಿ ಬದುಕುವ ಹಸಲರ ಕೇರಿ ಇರುವುದು ಗುಡ್ಡದ ಅರ್ಧ ಎತ್ತರದಲ್ಲಿ. ಕೇರಿಯ ಹಿಂದೆ ಬಂಡೆಯ ಸಂದಿನಲ್ಲಿ ವರ್ಷವಿಡೀ ಬತ್ತದ ಒಂದು ಒರತೆ ಇದೆ. ಅದರ ನೀರು ಕಾಲುವೆಯಾಗಿ ತಗ್ಗಿನ ಹಡ್ಲಿಗೆ ಇಳಿದು ದುಗ್ಗಪ್ಪಗೌಡರ ಗದ್ದೆಗೆ ಹೋಗುತ್ತದೆ. ಬೇಸಿಗೆಯಲ್ಲೂ ಅವರ ಗದ್ದೆ ಹಸಿರಾಗಿರುವುದು ಆ ನೀರಿನಿಂದ.

೧೯೭೭ರ ಏಪ್ರಿಲ್‌ನಲ್ಲಿ ಗೌಡರ ಎರಡನೆಯ ಮಗಳು ಶರಾವತಿ ಕೈಯಲ್ಲಿ ಒಂದು ಕಟ್ಟು ಅಚ್ಚಾದ ಹಾಳೆ ಹಿಡಿದುಕೊಂಡು ಆ ಗುಡ್ಡ ಹತ್ತಿ ಬಂದಳು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಹಸಲರ ಬಗ್ಗೆ ಸಂಶೋಧನೆ ಮಾಡಲು ಹೆಸರು ನೋಂದಾಯಿಸಿದ್ದಳು. ಅವಳ ಮನೆ ಇದ್ದದ್ದು ಗುಡ್ಡದ ಬುಡದಲ್ಲೇ. ಆದರೂ ಇಪ್ಪತ್ನಾಲ್ಕು ವರ್ಷದಲ್ಲಿ ಅವಳು ಮೇಲೆ ಬಂದದ್ದು ಅದೇ ಮೊದಲು. ಗುಡ್ಡದವರು ಕೆಳಗಿಳಿದು, ಹಿತ್ತಲ ಬಾಗಿಲಲ್ಲಿ ನಿಂತು ಮಾತಾಡಿ ಹೋಗುತ್ತಿದ್ದರು. ಅಷ್ಟೇ ಪರಿಚಯ.

ಕೇರಿಯ ಮೊದಲ ಮನೆಯ ಅಂಗಳದಲ್ಲಿ ಗುತ್ಯಮ್ಮ ಬುಟ್ಟಿ ಹೆಣೆಯುತ್ತಿದ್ದರು. ನಲವತ್ತೈದರ ಆಸುಪಾಸಿನ, ಸಣಕಲು ಮೈಯ, ಗಂಡನಿಲ್ಲದ ಹೆಂಗಸು. ಶರಾವತಿ ಅಂಗಳದ ಅಂಚಿನ ಕಲ್ಲಿನ ಮೇಲೆ ಕೂತು ಪೆನ್ನು ತೆಗೆದಳು.

"ನಿನ್ನ ಹೆಸರೇನು?"

"ಗುತ್ಯಮ್ಮ. ನಿಮ್ದು?"

"ಶರಾವತಿ. ದುಗ್ಗಪ್ಪಗೌಡರ ಮಗಳು."

"ಓ, ಹೊಳೆ ಹೆಸರು," ಎಂದರು ಗುತ್ಯಮ್ಮ. ಮತ್ತೆ ಬುಟ್ಟಿಗೆ ಕೈ ಹಾಕಿದರು.

ಹಾಳೆಯಲ್ಲಿ ತೊಂಬತ್ತೆರಡು ಪ್ರಶ್ನೆಗಳಿದ್ದವು. ಹನ್ನೊಂದನೆಯದು, 'ನಿಮ್ಮ ಜನಾಂಗದಲ್ಲಿ ರೂಢಿಯಲ್ಲಿರುವ ಮೂಢನಂಬಿಕೆಗಳು ಯಾವುವು?' ಗುತ್ಯಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದರು. ಹದಿನಾಲ್ಕನೆಯದು ಮದುವೆಯ ವಿಷಯ. ಅಲ್ಲಿಂದ ಅವರ ದನಿ ಸ್ವಲ್ಪ ಬದಲಾಯಿತು.

"ಗಂಡು ಹೆಣ್ಣು ಇಬ್ರನ್ನೂ ಜೇನುಗೂಡಿನ ಕೆಳಗೆ ನಿಲ್ಲಿಸ್ತೀವಿ. ಹುಳ ಯಾರಿಗೆ ಮೊದ್ಲು ಕಚ್ತದೋ, ಅವರ ಮಾತು ಮನೇಲಿ ನಡೆಯೂದಿಲ್ಲ."

ಶರಾವತಿ ಬರೆದುಕೊಂಡಳು. "ಕಚ್ಚದೇ ಇದ್ರೆ?"

"ಕಚ್ಚೂ ತನಕ ನಿಲ್ಲಬೇಕು."

ಮನೆಯೊಳಗೆ ಯಾರೋ ಕಿಸಕ್ಕೆಂದರು. ಶರಾವತಿಗೆ ಅದು ಕೇಳಿಸಲಿಲ್ಲ. ಎರಡು ದಿನ ಬಂದು ಎಲ್ಲ ಪ್ರಶ್ನೆ ಮುಗಿಸಿದಳು. ಆ ತೊಂಬತ್ತೆರಡು ಉತ್ತರಗಳಲ್ಲಿ ಹತ್ತೋ ಹನ್ನೆರಡೋ ನಿಜ ಇದ್ದಿರಬಹುದು.

ಗುತ್ಯಮ್ಮ ತಮಾಷೆಯ ಸ್ವಭಾವದವರು ನಿಜ. ಆದರೆ ಆ ಸುಳ್ಳಿನ ಹಿಂದೆ ಇದ್ದದ್ದು ಬರೀ ತಮಾಷೆಯಲ್ಲ. ಅವರನ್ನು ಹದಿನಾರನೇ ವಯಸ್ಸಿಗೆ ಕೊಟ್ಟದ್ದು ಸಾಗರದಾಚೆ, ಶರಾವತಿ ಹೊಳೆಯ ದಂಡೆಯ ಒಂದು ಕೇರಿಗೆ. ಗಂಡ ಕನ್ನಪ್ಪ ಜೇನು ಕೀಳುವುದರಲ್ಲಿ ಹೆಸರು ಮಾಡಿದವನು. ಲಿಂಗನಮಕ್ಕಿಯಲ್ಲಿ ಕಟ್ಟೆ ಏಳುತ್ತಿದ್ದ ಕಾಲಕ್ಕೆ ಪ್ಯಾಂಟು ತೊಟ್ಟ ಇಬ್ಬರು ಪುಸ್ತಕ ಹಿಡಿದು ಬಂದರು. ಎಷ್ಟು ಮನೆ, ಎಷ್ಟು ಜನ, ಯಾವ ಮರ ಯಾರದು ಎಂದು ಕೇಳಿದರು. ಇಡೀ ಕೇರಿ ಅವರ ಸುತ್ತ ಕೂತು, ಬೆಲ್ಲ ನೀರು ಕೊಟ್ಟು, ಒಂದನ್ನೂ ಬಿಡದೆ ಹೇಳಿತು. ಕನ್ನಪ್ಪ ತನ್ನ ಜೇನುಮರಗಳನ್ನು ನಡೆದು ತೋರಿಸಿದ. ಆ ಪುಸ್ತಕ ಎಲ್ಲಿಗೆ ಹೋಯಿತೋ ತಿಳಿಯದು. ನೀರು ಏರುವ ಹೊತ್ತಿಗೆ, ಕೇರಿಯ ನೆಲವೆಲ್ಲ ಹೊಳೆಯಾಚೆಯ ಜಮೀನುದಾರರ ಲೆಕ್ಕದಲ್ಲಿದೆ, ನಿಮ್ಮ ಹೆಸರು ಎಲ್ಲೂ ಇಲ್ಲ ಎಂದರು ಕಚೇರಿಯವರು. ಕೇರಿಯವರು ಎತ್ತಿಕೊಂಡು ಬರುವಷ್ಟನ್ನು ಎತ್ತಿಕೊಂಡು ಹೊರಟರು. ಹೋದ ಜಾಗದಲ್ಲಿ ಕನ್ನಪ್ಪ ಒಂದೇ ಮಳೆಗಾಲಕ್ಕೆ ಜ್ವರ ಬಂದು ತೀರಿಕೊಂಡ. ಮಕ್ಕಳಿಲ್ಲದ ಗುತ್ಯಮ್ಮ ತವರಿಗೆ, ಸಂಪೆಹಡ್ಲಿನ ಗುಡ್ಡಕ್ಕೆ ವಾಪಸು ಬಂದರು.

ಅಂದಿನಿಂದ ಬರೆದುಕೊಳ್ಳುವವರಿಗೆ ನಿಜ ಹೇಳಬಾರದು ಎಂದು ಅವರು ತೀರ್ಮಾನಿಸಿದ್ದರು.

ಅದೇ ವರ್ಷ ಮಳೆಗಾಲದ ಕೊನೆಗೆ ಒಂದು ವಾರಪತ್ರಿಕೆಯಲ್ಲಿ ಶರಾವತಿಯ ಲೇಖನ ಬಂತು. 'ಹಸಲರ ವಿಚಿತ್ರ ವಿವಾಹ ಪದ್ಧತಿ.' ಜೇನುಗೂಡು, ಹುಳ, ಎಲ್ಲ ಅದರಲ್ಲಿತ್ತು. ಶಾಲೆಯ ಮೇಷ್ಟ್ರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಗುತ್ಯಮ್ಮನ ತಮ್ಮ ಜಟ್ಟಪ್ಪನ ಮಗಳು ಪುಷ್ಪ ಆಗ ಮೂರನೇ ಕ್ಲಾಸು. ಉಳಿದ ಮಕ್ಕಳು ಅವಳ ಕಿವಿಯ ಹತ್ತಿರ ಜೇನುಹುಳದ ಹಾಗೆ ಗುಂಯ್‌ಗುಟ್ಟತೊಡಗಿದರು. ನಾಲ್ಕು ದಿನ ಸಹಿಸಿ, ಐದನೇ ದಿನ ಅವಳು ಸ್ಲೇಟು ಒಲೆಯ ಪಕ್ಕ ಇಟ್ಟು, ಇನ್ನು ಹೋಗುವುದಿಲ್ಲ ಎಂದಳು.

"ಅತ್ತೆ, ನೀ ಹಂಗೆ ಹೇಳಿದ್ಯಾ?" ಎಂದು ಕೇಳಿದಳು.

ಗುತ್ಯಮ್ಮ ಹೆಣೆಯುತ್ತಿದ್ದ ಬುಟ್ಟಿಯನ್ನು ಬದಿಗಿಟ್ಟರು. ತಾನು ಆಡಿದ ಸುಳ್ಳು ಪೇಟೆಯವರಿಗೆ ಬಡಿಯುತ್ತದೆ ಎಂದುಕೊಂಡಿದ್ದರು. ಬಡಿದದ್ದು ಮನೆಯ ಮಗುವಿಗೆ. ಮರುದಿನ ಬೆಳಿಗ್ಗೆ ಒಗೆದ ಸೀರೆ ಉಟ್ಟು ಗುಡ್ಡ ಇಳಿದರು. ಗೌಡರ ಮನೆಯ ಹಿತ್ತಲಿಗೆ ಹೋಗದೆ ಮುಂದಿನ ಅಂಗಳದಲ್ಲಿ ನಿಂತರು. ಜಗುಲಿಯಲ್ಲಿದ್ದ ದುಗ್ಗಪ್ಪಗೌಡರು ತಲೆಯೆತ್ತಿ ನೋಡಿದರು.

"ಎಂತ ಗುತ್ಯಮ್ಮ, ಈ ಕಡೆ?"

"ಸಣ್ಣಮ್ಮಾರ ಹತ್ರ ಮಾತಾಡೂಕೆ ಉಂಟು ಅಯ್ಯಾ."

ಕೆಲವು ದಿನದ ಮಟ್ಟಿಗೆ ಮೈಸೂರಿನಿಂದ ಬಂದಿದ್ದ ಶರಾವತಿ ಹೊರಗೆ ಬಂದಳು. ಗುತ್ಯಮ್ಮ ಸುತ್ತಿ ಬಳಸಲಿಲ್ಲ.

"ನಾ ಹೇಳಿದ್ದು ಸುಳ್ಳು. ಮದುವೆದು, ಸಾವಿಂದು, ದೇವ್ರದ್ದು, ಎಲ್ಲ ಸುಳ್ಳು. ತಪ್ಪು ನಂದು. ನಿಮ್ದೂ ಉಂಟು."

ಶರಾವತಿಯ ಮುಖ ಕೆಂಪಾಯಿತು. "ನಂದೇನು ತಪ್ಪು? ನೀನು ಹೇಳಿದ್ದನ್ನೇ ಬರೆದೆ."

"ಬರೆದಿದ್ದನ್ನ ಒಂದ್ಸಲ ನಂಗೆ ಓದಿ ಹೇಳಿದ್ರೆ ಅಲ್ಲೇ ಗೊತ್ತಾಗ್ತಿತ್ತು. ನಗೂದು ತಡೆಯೂಕೆ ಆಗ್ತಿರ್ಲಿಲ್ಲ ನಂಗೆ. ನೀವು ಯಾಕೆ ಕೇಳ್ತೀರಿ, ಕೇಳಿ ಎಂತ ಮಾಡ್ತೀರಿ, ಹೇಳ್ಲೇ ಇಲ್ಲ. ಈಗ ಮಗು ಶಾಲಿಗೆ ಹೋಗೂದಿಲ್ಲ ಅಂತ ಕೂತಿದೆ."

ತನ್ನ ಮೊದಲ ಲೇಖನವೆಂದು ಶರಾವತಿ ಅದನ್ನು ಮೈಸೂರಿನ ಗೆಳತಿಯರಿಗೆಲ್ಲ ತೋರಿಸಿ ಬಂದಿದ್ದಳು. ಈಗ ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದು, "ಶಾಲೆಗೆ ಹೋಗೋಣ ಬನ್ನಿ," ಎಂದಳು. 'ಬನ್ನಿ' ಎಂದದ್ದನ್ನು ಗುತ್ಯಮ್ಮ ಗಮನಿಸಿದರು. ಜಗುಲಿಯಲ್ಲಿದ್ದ ಗೌಡರೂ ಗಮನಿಸಿದರು.

ಶಾಲೆಯಲ್ಲಿ ಅವಳು ಮಕ್ಕಳ ಎದುರೇ, ನಾನು ಬರೆದದ್ದು ತಪ್ಪು, ಸರಿಯಾಗಿ ಕೇಳಿ ತಿಳಿಯದೆ ಬರೆದೆ ಎಂದಳು. ಪತ್ರಿಕೆಗೂ ಒಂದು ತಿದ್ದುಪಡಿ ಕಳಿಸಿದಳು. ಅವರು ಅದನ್ನು ಹಾಕಲಿಲ್ಲ. ಪುಷ್ಪ ದೀಪಾವಳಿ ಕಳೆದ ಮೇಲೆ ಶಾಲೆಗೆ ಹೋದಳು.

ಅಲ್ಲಿಂದ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಶರತ್ತು ಹಾಕಿದ್ದು ಗುತ್ಯಮ್ಮ. ಅಚ್ಚಾದ ಹಾಳೆ ಗುಡ್ಡಕ್ಕೆ ತರಬಾರದು. ಒಂದು ವರ್ಷ ಪೂರ್ತಿ, ಮಳೆ ಚಳಿ ಬೇಸಿಗೆ ಮೂರರಲ್ಲೂ, ಕೇರಿಯವರ ಜೊತೆ ಕಾಡಿಗೆ ನಡೆಯಬೇಕು. ಬರೆದದ್ದನ್ನು ಕೇರಿಯವರಿಗೆ ಓದಿ ಹೇಳಬೇಕು. ಬೇಡ ಅಂದದ್ದನ್ನು ಹೊಡೆದುಹಾಕಬೇಕು. ಮೈಸೂರಿನ ಮಾರ್ಗದರ್ಶಕರು ಇದನ್ನು ಕೇಳಿ ನಕ್ಕರಂತೆ. ಶರಾವತಿ ಆದರೂ ಒಪ್ಪಿಕೊಂಡಳು. ಅವಳಿಗೂ ಹಟ ಹುಟ್ಟಿತ್ತು.

ಅವಳು ಸೀಗೆಕಾಯಿ ಆರಿಸಿದಳು, ಜಿಗಣೆ ಕಚ್ಚಿಸಿಕೊಂಡಳು, ಜೇನು ಕೀಳುವವರ ಕೆಳಗೆ ನಿಂತು ಹೊಗೆ ಕುಡಿದಳು. ಕೇರಿಯ ಹೆಂಗಸರು ಮೊದಮೊದಲು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಅವಳಿಗೂ ಒಂದು ಕತ್ತಿ ಕೊಟ್ಟು ಸೌದೆ ಹೊರಿಸತೊಡಗಿದರು.

ಮರುವರ್ಷದ ದೀಪಾವಳಿಯ ಬೆಳಿಗ್ಗೆ ಗುತ್ಯಮ್ಮ ಅವಳನ್ನು ಒರತೆಯ ನೀರು ಕಾಲುವೆಗೆ ಬೀಳುವ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ಇತ್ತು. ಬರಹವಿಲ್ಲ, ಗುರುತಿಲ್ಲ. ಅದಕ್ಕೆ ಅವರು ಕಟ್ಟುಕಲ್ಲು ಎನ್ನುತ್ತಿದ್ದರು. ಕೇರಿಯವರೆಲ್ಲ ಒಂದು ಕಡೆ ನಿಂತರು. ಇನ್ನೊಂದು ಕಡೆ ಖಾಲಿ. ಗುತ್ಯಮ್ಮ ನೀರಿಗೆ ಮುಖ ಮಾಡಿ ಹಿಂದಿನವರ ಹೆಸರುಗಳನ್ನು ಒಂದೊಂದಾಗಿ ಹೇಳಿ, ನಂತರ ಹೇಳಿದರು.

"ನಾ ಗುಡ್ಡದವ, ನೀ ಹಡ್ಲಿನವ. ನೀರು ಇಳೀತದೆ, ಗುಡ್ಡ ಇಳೀದು. ಇಳಿದ ನೀರು ನಿಂದು, ನಿಂತ ಗುಡ್ಡ ನಂದು. ಹೌದಾ?"

ಹೇಳಿ ಸುಮ್ಮನಾದರು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಯಾರೂ ಉಸಿರೆತ್ತಲಿಲ್ಲ. ನೀರಿನ ಸದ್ದೊಂದೇ. ಮತ್ತೆ ಮುಂದುವರಿಸಿ, ಕಾಲುವೆಯನ್ನು ಯಾರು ತೋಡಬೇಕು, ಒರತೆಯ ಸುತ್ತ ಯಾವ ಮರ ಮುಟ್ಟಬಾರದು ಎಂಬುದನ್ನೆಲ್ಲ ಹೇಳಿ ಮುಗಿಸಿದರು.

ಇದನ್ನು ಅವರು ಕಲಿತದ್ದು ಅಪ್ಪನಿಂದ. ಗಂಡುಮಕ್ಕಳೇ ಹೇಳಬೇಕಾದದ್ದು. ಆದರೆ ಜಟ್ಟಪ್ಪನ ತಲೆಯಲ್ಲಿ ಹೆಸರುಗಳು ನಿಲ್ಲುತ್ತಿರಲಿಲ್ಲ. ಗುತ್ಯಮ್ಮ ವಾಪಸು ಬಂದ ವರ್ಷ ಅಪ್ಪ, ಕೇರಿಯ ನಾಲ್ಕು ಜನ ಬೇಡ ಎಂದರೂ, ಮಗಳಿಗೆ ಕಲಿಸಿದ.

"ಮಧ್ಯದಲ್ಲಿ ಯಾಕೆ ನಿಲ್ಲಿಸಿದ್ರಿ?" ಎಂದು ಶರಾವತಿ ಕೇಳಿದಳು.

"ಅಲ್ಲಿ ನಿಮ್ಮ ಮನೆಯವ್ರು ಒಂದು ಮುಡಿ ಅಕ್ಕಿ ತಂದಿಟ್ಟು ಹೇಳಬೇಕು. ಬರೂದು ಬಿಟ್ಟು ಐವತ್ತು ವರ್ಷ ಮೇಲಾಯ್ತು. ಅವ್ರು ಎಂತ ಹೇಳ್ತಿದ್ರು, ನಮಗೆ ಗೊತ್ತಿಲ್ಲ. ಆದ್ರೂ ಅವ್ರ ಜಾಗ ಬಿಡ್ಬೇಕಲ್ಲ."

ಆ ವಾರ ಶರಾವತಿ ಬರೆದು ತಂದು ಓದಿದಳು. "'ಗೌಡರ ಮನೆತನದವರು ಹಿಂದೆ ಪ್ರತಿವರ್ಷ ಹಸಲರಿಗೆ ಒಂದು ಮುಡಿ ಅಕ್ಕಿಯನ್ನು ದಾನವಾಗಿ ಕೊಡುತ್ತಿದ್ದರು. ಆಗ ಹಸಲರು ಈ ಜಾನಪದ ಗೀತೆಯನ್ನು ಹಾಡುತ್ತಿದ್ದರು.'"

ಗುತ್ಯಮ್ಮ ಕೈ ಅಡ್ಡ ಹಿಡಿದರು. "ದಾನ ಅಲ್ಲ. ಸಲುವಳಿ."

"ಎರಡೂ ಒಂದೇ ಅಲ್ವಾ? ಕೊಡೋದು ತಾನೆ?"

"ಹೆಂಗೆ ಒಂದೇ? ದಾನ ಮನಸ್ಸು ಬಂದ್ರೆ ಕೊಡೂದು. ಸಲುವಳಿ ಸಲ್ಲಲೇಬೇಕಾದ್ದು. ನೀರಿಗೆ ಸಲ್ಲೂದು ಅದು. ಮತ್ತೆ ಇದು ಗೀತೆ ಅಲ್ಲ, ನಾವು ಹಾಡೂದಿಲ್ಲ. ಇದು ಕಟ್ಟು. ಇಬ್ರು ಸೇರಿ ಕಟ್ಟಿದ್ದು."

ಶರಾವತಿ ಎರಡು ಪದವನ್ನೂ ಹೊಡೆದು ಬರೆದಳು. ಹೊಡೆದು ಬರೆದ ಮೇಲೆ ಇಡೀ ಅಧ್ಯಾಯವನ್ನೇ ಬೇರೆ ರೀತಿ ಬರೆಯಬೇಕಾಯಿತು. ದಾನ ಎಂದರೆ ಅವಳ ಮನೆಯವರು ದೊಡ್ಡವರು. ಸಲುವಳಿ ಎಂದರೆ ಎರಡೂ ಕಡೆಯವರು ಸಮ.

೧೯೮೧ರಲ್ಲಿ ದೂರದ ಊರಿನ ಮರದ ಕಂಟ್ರಾಕ್ಟರೊಬ್ಬ ದುಗ್ಗಪ್ಪಗೌಡರ ಹತ್ತಿರ ಬಂದ. ಗುಡ್ಡಕ್ಕೆ ನೀಲಗಿರಿ ಹಾಕುವ ಮಾತು. ಕಾಗದದಲ್ಲಿ ಗುಡ್ಡ ಗೌಡರ ಹೆಸರಿನಲ್ಲೇ ಇತ್ತು. ಗೌಡರು ಕೆಟ್ಟವರಲ್ಲ. ಕೇರಿಯವರಿಗೆ ರಸ್ತೆ ಬದಿಯಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಕೊಡುತ್ತೇನೆ, ಶಾಲೆ ಹತ್ತಿರ, ಬಸ್ಸು ಹತ್ತಿರ ಎಂದರು. ಜಟ್ಟಪ್ಪನಿಗೆ ಅದು ಸರಿ ಕಂಡಿತು. ಮಳೆಗಾಲದಲ್ಲಿ ಪುಷ್ಪ ಗುಡ್ಡ ಇಳಿದು ಶಾಲೆಗೆ ಹೋಗುವ ಪಾಡು ಅವನೇ ನೋಡಿದ್ದ. 'ನಾವಾಗಿ ಒಪ್ಪಿ ಗುಡ್ಡ ಬಿಟ್ಟುಕೊಡುತ್ತೇವೆ' ಎಂಬ ಕಾಗದಕ್ಕೆ, ಕೇರಿಯ ಮುಖ್ಯಸ್ಥನೆಂದು, ಹೆಬ್ಬೆಟ್ಟು ಒತ್ತಿ ಬಂದ.

ಗುತ್ಯಮ್ಮನಿಗೆ ಗೊತ್ತಾದದ್ದು ಗುಡ್ಡದ ತಲೆಗೆ ಅಳತೆಯ ಗೂಟ ಬಿದ್ದ ಮೇಲೆ.

"ನನ್ನ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನೀ ಬೇಡ ಅಂತಿದ್ದೆ," ಎಂದ ಜಟ್ಟಪ್ಪ. "ನಿನ್ನ ಕಟ್ಟು ಹೇಳ್ಕಂಡು ಮಕ್ಕಳು ಓದ್ತಾವಾ ಅಕ್ಕ?"

"ಓದ್ಲಿ. ಓದೂಕೆ ಗುಡ್ಡ ಮಾರಬೇಕಾ? ಜಾಗ ಕೊಡ್ತೀನಿ ಅಂದ್ರಲ್ಲ, ಅದು ಯಾವ ಕಾಗದದಲ್ಲಿ ಉಂಟು?"

ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಜಾಗದ ಮಾತೇ ಇರಲಿಲ್ಲ. ಅದರ ನಕಲನ್ನು ಪುಷ್ಪ ಓದಿ ಹೇಳಿದಾಗ ಜಟ್ಟಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಗುತ್ಯಮ್ಮ ತಿಂಗಳುಗಟ್ಟಲೆ ತಮ್ಮನ ಹತ್ತಿರ ಮಾತಾಡಲಿಲ್ಲ.

ಕೇರಿಯವರು ಸಾಗರದ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರು. ಬರೆದುಕೊಟ್ಟದ್ದು ಶರಾವತಿ. ವಿಚಾರಣೆಯ ದಿನ ಗೌಡರು ವಕೀಲರ ಜೊತೆ ಜೀಪಿನಲ್ಲಿ ಹೋದರು. ಮಗಳು ಕೇರಿಯವರ ಜೊತೆ ಎರಡು ಬಸ್ಸು ಬದಲಿಸಿ ಹೋಗಿ, ಕಚೇರಿಯಲ್ಲಿ ಅವರ ಬೆಂಚಿನ ಮೇಲೇ ಕೂತಳು. ಗೌಡರು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು.

ಅಧಿಕಾರಿ ನಾರಾಯಣಮೂರ್ತಿ ಬಯಲುಸೀಮೆಯವರು, ಬಂದು ಆರು ತಿಂಗಳಾಗಿತ್ತು. ವಕೀಲರು ಹೆಬ್ಬೆಟ್ಟಿನ ಕಾಗದ ಕೊಟ್ಟರು. ನಾರಾಯಣಮೂರ್ತಿ ಓದಿ, ಗುತ್ಯಮ್ಮನ ಕಡೆ ತಿರುಗಿದರು.

"ನಿಮ್ಮ ಹತ್ತಿರ ಏನಾದರೂ ಕಾಗದ ಇದೆಯಾ?"

"ಕಾಗದ ಇಲ್ಲ ಸ್ವಾಮಿ. ಕಟ್ಟು ಉಂಟು."

ಶರಾವತಿ ಎದ್ದು ನಿಂತು ಅದೇನೆಂದು ವಿವರಿಸಿದಳು. ಅಧಿಕಾರಿ ಗುಮಾಸ್ತರಿಗೆ ಬರೆದುಕೊಳ್ಳಲು ಸನ್ನೆ ಮಾಡಿ, "ಸರಿ, ಹೇಳಿ," ಎಂದರು.

ಗುತ್ಯಮ್ಮ ಅತ್ತಿತ್ತ ನೋಡಿದರು. ಬೀರು, ಫ್ಯಾನು, ಮೇಜು. ಅವರ ಹಿಂದೆ ಇಡೀ ಕೇರಿ ಕಾಯುತ್ತಿತ್ತು. ಹೇಳಿದರೆ ಗೆಲ್ಲಬಹುದು, ಹೇಳದಿದ್ದರೆ ಸೋಲು ಖಂಡಿತ ಎಂದು ಶರಾವತಿ ಬಸ್ಸಿನಲ್ಲೇ ಹೇಳಿದ್ದಳು.

"ಇಲ್ಲಿ ಹೇಳೂಕೆ ಆಗೂದಿಲ್ಲ," ಎಂದರು ಗುತ್ಯಮ್ಮ.

ವಕೀಲರು ನಕ್ಕರು. ನಾರಾಯಣಮೂರ್ತಿ ನಗಲಿಲ್ಲ. "ಯಾಕೆ?"

"ಇಲ್ಲಿ ಹೇಳಿದ್ರೆ ಅದು ಸುಮ್ನೆ ಮಾತಾಗ್ತದೆ. ಕಲ್ಲಿನ ಹತ್ರ, ನೀರಿಗೆ ಕೇಳೂ ಹಂಗೆ, ಗೌಡ್ರ ಮನೆಯವ್ರು ಎದುರು ನಿಂತಾಗ ಹೇಳಿದ್ರೆ ಕಟ್ಟು. ನೀವೂ ಪ್ರಮಾಣ ಮಾಡ್ಸೂಕೆ ಒಂದು ಜಾಗ ಇಟ್ಕಂಡಿದ್ದೀರಿ. ಅಂಗಡಿ ಬಾಗಿಲಲ್ಲಿ ಮಾಡ್ಸ್ತೀರಾ?"

ಗುಮಾಸ್ತರು ಪೆನ್ನು ಹಿಡಿದೇ ಇದ್ದರು. ನಾರಾಯಣಮೂರ್ತಿ ಕ್ಯಾಲೆಂಡರಿನ ಕಡೆ ನೋಡಿದರು. "ಸ್ಥಳ ಪರಿಶೀಲನೆ ಹೇಗೂ ಮಾಡಬೇಕು. ಹದಿನೈದು ದಿನ ಬಿಟ್ಟು ಬರುತ್ತೇನೆ. ಎರಡೂ ಕಡೆಯವರು ಇರಲಿ," ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಶರಾವತಿಗೆ ಒಂದೇ ಚಿಂತೆ. ಎದುರು ಕಡೆಯಿಂದ ಉತ್ತರ ಬಾರದಿದ್ದರೆ ಅದು ಅರ್ಧ ಮಾತು. ಅರ್ಧ ಮಾತನ್ನು ಯಾವ ಅಧಿಕಾರಿ ಒಪ್ಪುತ್ತಾನೆ? ನಾಲ್ಕು ವರ್ಷದಿಂದ ಅವಳು ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತಿ ಎಷ್ಟೋ ಮುದುಕರನ್ನು ಮಾತಾಡಿಸಿದ್ದಳು. ಹಾಗೆ ಯೋಚಿಸುತ್ತಾ ಇರುವಾಗ ಮನೆಯಲ್ಲೇ ಇದ್ದ ಒಬ್ಬರು ನೆನಪಾದರು.

ಅವಳ ಅಜ್ಜಿ ವೆಂಕಮ್ಮನಿಗೆ ಎಂಬತ್ತು ದಾಟಿತ್ತು. ಮರುದಿನ ಮಧ್ಯಾಹ್ನ ಅಜ್ಜಿ ಜಗುಲಿಯ ಮೂಲೆಯಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದಾಗ ಶರಾವತಿ ಪಕ್ಕದಲ್ಲಿ ಹೋಗಿ ಕೂತಳು.

"ಅಜ್ಜಮ್ಮ, ಕಟ್ಟುಕಲ್ಲಿನ ಹತ್ರ ನಮ್ಮ ಮನೆಯವ್ರು ಎಂತ ಹೇಳ್ತಿದ್ರು, ನಿಮಗೆ ಗೊತ್ತುಂಟಾ?"

ವೆಂಕಮ್ಮ ಬತ್ತಿಯನ್ನು ಕೆಳಗಿಟ್ಟರು. "ಗೊತ್ತಿಲ್ದೆ ಏನು? ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಮಾವಯ್ಯನ ಹಿಂದೆ ತಟ್ಟೆ ಹಿಡ್ಕಂಡು ನಿಂತವಳು ನಾನು."

"ಮತ್ತೆ ಅಲ್ಲಿ ಹೋಗೋದು ನಿಂತದ್ದು ಯಾಕೆ?"

"ಸರ್ವೆಯವ್ರು ಬಂದು ಗುಡ್ಡವನ್ನೂ ನಮ್ಮ ಹೆಸ್ರಿಗೆ ಬರೆದ್ರು. ಮಾವಯ್ಯ ತೀರಿಕೊಂಡ್ರು. ಕಾಗದ ಬಂತಲ್ಲ, ಇನ್ನೆಂತಕ್ಕೆ ಕಲ್ಲು ಅಂದ್ರು ನಿನ್ನ ಅಜ್ಜ."

"ನೀವು ಯಾರಿಗೂ ಹೇಳ್ಲಿಲ್ಲ."

"ಯಾರು ಕೇಳಿದ್ರು? ನೀನೂ ಪುಸ್ತಕ ಹಿಡ್ಕಂಡು ಊರೂರು ತಿರುಗಿದೆ. ಈ ಮೂಲೆಗೆ ಬರ್ಲಿಲ್ಲ."

ಶರಾವತಿ ತಲೆ ತಗ್ಗಿಸಿದಳು. ಆಮೇಲೆ, ಆ ಮಾತು ಏನೆಂದು ಹೇಳಿ ಎಂದು ಕೇಳಿದಳು. ವೆಂಕಮ್ಮ ಮತ್ತೆ ಬತ್ತಿ ಕೈಗೆತ್ತಿಕೊಂಡರು.

"ಜಗುಲೀಲಿ ಹೇಳೂದಲ್ಲ ಅದು. ನನ್ನ ಅಲ್ಲಿಗೆ ಕರ್ಕಂಡು ಹೋಗು."

ನಾರಾಯಣಮೂರ್ತಿ ಬಂದ ದಿನ ಇಬ್ಬನಿ ಇನ್ನೂ ಆರಿರಲಿಲ್ಲ. ಗೌಡರು, ವಕೀಲರು, ಗುಮಾಸ್ತರು ಗುಡ್ಡ ಹತ್ತಿ ಬಂದರು. ಅವರ ಹಿಂದೆ, ಬೆತ್ತದ ಕುರ್ಚಿಯಲ್ಲಿ ಕೂತ ವೆಂಕಮ್ಮನನ್ನು ಇಬ್ಬರು ಹೊತ್ತು ತರುತ್ತಿದ್ದರು. ಮುಂದಿನ ಕಾಲು ಹಿಡಿದವನು ಜಟ್ಟಪ್ಪ. ಯಾರೂ ಹೇಳಿರಲಿಲ್ಲ. ಗೌಡರ ಅಂಗಳಕ್ಕೆ ತಾನೇ ಹೋಗಿ ನಿಂತಿದ್ದ.

ಗೌಡರು ತಾಯಿಯನ್ನು ಕಂಡು ಹತ್ತಿರ ಬಂದರು. "ಅಮ್ಮ, ನಿಮಗೆ ಯಾಕೆ ಈ ತೊಂದ್ರೆ?"

"ಮನೆಯವ್ರು ಇರಬೇಕಂತಲ್ಲ. ನಾನೂ ಮನೆಯವಳೇ."

ಗುತ್ಯಮ್ಮ, ಕಲ್ಲಿನ ಹತ್ತಿರ ಮೆಟ್ಟು ಹಾಕಿಕೊಂಡು ನಿಲ್ಲುವ ಹಾಗಿಲ್ಲ ಎಂದರು. ನಾರಾಯಣಮೂರ್ತಿ ಬೂಟು ಬಿಚ್ಚಿದರು. ವಕೀಲರು ದೂರ ನಿಂತರು. ಗುತ್ಯಮ್ಮ ನೀರಿಗೆ ಮುಖ ಮಾಡಿ ಹಿರಿಯರ ಹೆಸರು ಹೇಳತೊಡಗಿದರು.

"...ಇಳಿದ ನೀರು ನಿಂದು, ನಿಂತ ಗುಡ್ಡ ನಂದು. ಹೌದಾ?"

ಸುಮ್ಮನಾದರು. ಕುರ್ಚಿಯಲ್ಲಿದ್ದ ವೆಂಕಮ್ಮ ಮೊಮ್ಮಗಳ ತೋಳು ಹಿಡಿದು ಎದ್ದು ನಿಂತರು.

"ಹೌದು. ಇಳಿದ ನೀರು ನಂದು, ನಿಂತ ಗುಡ್ಡ ನಿಂದು. ನೀರಿಗೆ ಸಲುವಳಿ ಸಲ್ತದೆ. ಸಲ್ಲದ ವರ್ಷ ನನ್ನ ಗದ್ದೆಗೆ ನಿನ್ನ ನೀರು ಬೇಡ."

ಗುತ್ಯಮ್ಮ ಮುಂದಿನ ಮಾತು ಹೇಳಬೇಕಿತ್ತು. ಅವರ ಅಪ್ಪನೂ ಈ ಉತ್ತರ ಕೇಳಿಸಿಕೊಂಡದ್ದು ಹುಡುಗನಾಗಿದ್ದಾಗ ಮಾತ್ರ. ಕಣ್ಣೊರೆಸಿಕೊಂಡು ಪೂರ್ತಿ ಮಾಡಿದರು. ಅಷ್ಟರಲ್ಲಿ ಜಟ್ಟಪ್ಪ ಅಧಿಕಾರಿಯ ಎದುರು ಬಂದು, "ಹೆಬ್ಬೆಟ್ಟು ಒತ್ತಿದ್ದು ನಾನೇ ಸ್ವಾಮಿ. ಕಾಗದದಲ್ಲಿ ಎಂತ ಬರೆದಿದೆ ಅಂತ ಯಾರೂ ಓದಿ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ," ಎಂದ.

ನಾರಾಯಣಮೂರ್ತಿ ಗುಮಾಸ್ತರಿಗೆ ಬರೆಸತೊಡಗಿದರು. "ಸದರಿ ಹಸಲರು ಪರಂಪರೆಯಿಂದ ಹಾಡುತ್ತಿರುವ ಹಾಡಿನ ಪ್ರಕಾರ..."

"ಹಾಡಲ್ಲ," ಎಂದರು ಗುತ್ಯಮ್ಮ ಮತ್ತು ವೆಂಕಮ್ಮ, ಇಬ್ಬರೂ ಒಟ್ಟಿಗೆ.

ಅಧಿಕಾರಿ ಸ್ವಲ್ಪ ಯೋಚಿಸಿ, "'ಕಟ್ಟು ಎಂದು ಎರಡೂ ಕಡೆಯವರು ಕರೆಯುವ ಒಡಂಬಡಿಕೆಯ ಪ್ರಕಾರ' ಎಂದು ಬರೆಯಿರಿ," ಎಂದರು.

ದುಗ್ಗಪ್ಪಗೌಡರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

"ಅಮ್ಮ ಹೇಳಿದ ಮೇಲೆ ನಾನೆಂತ ಹೇಳೂದು?" ಎಂದ ಗೌಡರು ಯಾರನ್ನೂ ಕಾಯದೆ ಗುಡ್ಡ ಇಳಿದು ಹೋದರು.

ಆದೇಶ ಬಂದದ್ದು ನಾಲ್ಕು ತಿಂಗಳ ನಂತರ. ಕೇರಿ ಅಂದುಕೊಂಡದ್ದೆಲ್ಲ ಅದರಲ್ಲಿರಲಿಲ್ಲ. ಹೆಬ್ಬೆಟ್ಟಿನ ಕಾಗದ ಬಿದ್ದುಹೋಯಿತು. ಕಾಲುವೆಯಿಂದ ಮೇಲಿನ ಭಾಗದಲ್ಲಿ ಕೇರಿಯವರ ವಾಸವನ್ನೂ ಒರತೆಯನ್ನೂ ಯಾರೂ ಮುಟ್ಟುವಂತಿಲ್ಲ ಎಂದಾಯಿತು. ಆದರೆ ಖಾತೆ ಗೌಡರ ಹೆಸರಿನಲ್ಲೇ ಉಳಿಯಿತು. ಕಾಲುವೆಯ ಕೆಳಗಿನ ತುಂಡಿನಲ್ಲಿ ಆ ಮಳೆಗಾಲವೇ ನೀಲಗಿರಿ ನೆಟ್ಟರು. ಗುತ್ಯಮ್ಮ ಅದನ್ನು ನೋಡಿ, "ಅರ್ಧ ಉಳೀತು," ಎಂದರು. ಅಂದು ಸಂಜೆ ತಮ್ಮನ ಮನೆಗೆ ಹೋಗಿ ಅವನ ಪಕ್ಕ ಕೂತು ಉಂಡರು.

ಗೌಡರು ಮಗಳ ಜೊತೆ ಎಂಟು ತಿಂಗಳು ಮಾತಾಡಲಿಲ್ಲ. ಶರಾವತಿ ತೀರ್ಥಹಳ್ಳಿಯಲ್ಲಿ ಒಂದು ಕೋಣೆ ಹಿಡಿದು, ಮನೆಪಾಠ ಹೇಳುತ್ತಾ ಪ್ರಬಂಧ ಬರೆದಳು. ಬರೆದು ಮುಗಿಸಿ ಕೇರಿಗೆ ತಂದು ಓದಿದಳು. ಹನ್ನೊಂದು ದಿನ ಹಿಡಿಯಿತು. ಮದ್ದಿನ ಬೇರುಗಳ ಬಗ್ಗೆ ಬರೆದ ಆರು ಪುಟ ಬೇಡ ಎಂದರು ಗುತ್ಯಮ್ಮ. ಆ ಆರು ಪುಟಕ್ಕೆ ಅವಳು ಎರಡು ವರ್ಷ ದುಡಿದಿದ್ದಳು. ಜಗಳವಾಯಿತು. ಶರಾವತಿ ಸಿಟ್ಟಿನಿಂದ ಕೆಳಗಿಳಿದು ಹೋಗಿ, ಮೂರನೇ ದಿನ ಬಂದು ಪುಟಗಳನ್ನು ಕೊಟ್ಟಳು. ಮಾಹಿತಿ ಕೊಟ್ಟವರೇ ತಿದ್ದಿದ ಪ್ರಬಂಧ ಪ್ರಬಂಧವೇ ಅಲ್ಲ ಎಂದು ಮಾರ್ಗದರ್ಶಕರು ಕೈ ಬಿಟ್ಟರು. ಬೇರೊಬ್ಬರನ್ನು ಹುಡುಕಿ ಅವಳು ಡಾಕ್ಟರೇಟ್ ಪಡೆದದ್ದು ೧೯೮೬ರಲ್ಲಿ.

ಆದೇಶ ಬಂದ ವರ್ಷದ ದೀಪಾವಳಿಗೆ ಗೌಡರು ಒಂದು ಮುಡಿ ಅಕ್ಕಿಯನ್ನು ಆಳಿನ ಕೈಲಿ ಕಳಿಸಿದರು. ಗುತ್ಯಮ್ಮ ಅದನ್ನು ಹಾಗೇ ವಾಪಸು ಕಳಿಸಿದರು. "ಅಕ್ಕಿಗೆ ಬಾಯಿಲ್ಲ. ಹೌದು ಅನ್ನೂಕೆ ಮನೆಯವ್ರು ಬೇಕು ಅಂತ ಹೇಳು," ಎಂದರಂತೆ.

ಮರುವರ್ಷ ಮಳೆಗಾಲದಲ್ಲಿ ವೆಂಕಮ್ಮ ತೀರಿಕೊಂಡರು. ಗುತ್ಯಮ್ಮ ಹೋಗಿ ಅಂಗಳದಲ್ಲಿ ನಿಂತು ನೋಡಿ ಬಂದರು. ಆ ದೀಪಾವಳಿಗೆ ದುಗ್ಗಪ್ಪಗೌಡರು ಬರಿಗಾಲಲ್ಲಿ ಗುಡ್ಡ ಹತ್ತಿ ಬಂದರು. ಹಿಂದೆ ತಟ್ಟೆ ಹಿಡಿದು ಶರಾವತಿ, ಅವಳ ಹಿಂದೆ ಅಕ್ಕಿಯ ಮುಡಿ ಹೊತ್ತ ಆಳು. ಗುತ್ಯಮ್ಮ "ಹೌದಾ?" ಎಂದಾಗ ಗೌಡರು "ಹೌದು" ಎಂದು, ಎರಡು ಮಾತು ಹೇಳಿ ತಡವರಿಸಿದರು. ಮುಂದಿನದು ನೆನಪಾಗಲಿಲ್ಲ. ಶರಾವತಿಗೆ ಗೊತ್ತಿತ್ತು. ಗುತ್ಯಮ್ಮನಿಗೂ ಈಗ ಗೊತ್ತಿತ್ತು. ಯಾರೂ ಹೇಳಿಕೊಡಲಿಲ್ಲ. ಅದು ಅವರೇ ಹೇಳಬೇಕಾದ ಮಾತು. ಅರವತ್ತು ದಾಟಿದ ಗೌಡರು ಬೆವರುತ್ತಾ, ಕಲ್ಲು ನೋಡುತ್ತಾ ನಿಂತು, ಕೊನೆಗೆ ಒಂದೊಂದೇ ಪದ ಹುಡುಕಿ ಹೇಳಿ ಮುಗಿಸಿದರು.

"ಬರೂ ವರ್ಷ ಸರಾಗ ಆಗ್ತದೆ ಅಯ್ಯಾ," ಎಂದರು ಗುತ್ಯಮ್ಮ. ಎಲೆ ಅಡಿಕೆ ಕೊಟ್ಟರು. ಗೌಡರು ಅದನ್ನು ಅಲ್ಲೇ ಬಾಯಿಗೆ ಹಾಕಿಕೊಂಡರು.

ಜಟ್ಟಪ್ಪ ೧೯೮೫ರಲ್ಲಿ ಕೇರಿ ಬಿಟ್ಟು ರಸ್ತೆ ಬದಿಗೆ ಹೋದ. ಗೌಡರು ಈ ಸಲ ಜಾಗವನ್ನು ಕಾಗದದಲ್ಲೇ ಬರೆದುಕೊಟ್ಟಿದ್ದರು. ಗುತ್ಯಮ್ಮ ತಡೆಯಲಿಲ್ಲ. ಮನೆ ಕಟ್ಟುವಾಗ ಮಣ್ಣು ತುಳಿಯಲು ತಾವೇ ಹೋಗಿದ್ದರು. ಪುಷ್ಪ ಹತ್ತನೇ ತರಗತಿ ಪಾಸಾದಳು. ಗುಡ್ಡದಲ್ಲಿ ಉಳಿದ ಅತ್ತೆಗೆ ಭಾನುವಾರಗಳಲ್ಲಿ ಅಡುಗೆ ಮಾಡಿಕೊಡಲು ಹೋಗುತ್ತಿದ್ದಳು. ಹೋದಾಗಲೆಲ್ಲ ಗುತ್ಯಮ್ಮ ಅವಳನ್ನು ಒರತೆಯ ಹತ್ತಿರ ಕೂರಿಸಿಕೊಂಡು ಹಿರಿಯರ ಹೆಸರು ಕಲಿಸುತ್ತಿದ್ದರು. ಮೊದಲ ದಿನ ಅವಳು ನೋಟ್‌ಬುಕ್ ತಂದಿದ್ದಳು. ಬರೆದುಕೊಳ್ಳಲಾ ಎಂದು ಕೇಳಿದಳು. ಗುತ್ಯಮ್ಮ ಸ್ವಲ್ಪ ಯೋಚಿಸಿ, ಹೆಸರುಗಳನ್ನು ಬೇಕಾದರೆ ಬರೆದುಕೋ ಎಂದರು. ಉಳಿದದ್ದನ್ನು ಅವಳು ಬಾಯಲ್ಲೇ ಕಲಿತಳು.